ಹೆಬ್ಬೆರಳಿನ ಸ್ವಿಚ್ಚು

ಜೂನ್ ೧೨

ಸನ್ಮಾನ್ಯ ಅಮ್ಮನವರ ಘನ ಸನ್ನಿಧಾನಕ್ಕೆ,

ವಿಷಯ: ತಮ್ಮ ಏಕಮಾತ್ರ ಪುತ್ರಿಯು ಐದನೇ ತರಗತಿಗೆ ಪಾದಾರ್ಪಣೆ ಮಾಡಿದ ಬಗ್ಗೆ.

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನೆ ಸ್ಕೂಲು ಶುರುವಾಯಿತು. ಐದನೆಯದು ಇಲ್ಲಿ ಕೊನೆಯ ಕ್ಲಾಸು. ನಮಗಿಂತ ದೊಡ್ಡವರು ಅಂದರೆ ಇನ್ನು ಟೀಚರುಗಳು ಮಾತ್ರ. ಗೇಟಿನ ಹತ್ತಿರ ಒಂದನೇ ಕ್ಲಾಸಿನ ಪುಟಾಣಿಗಳು ಗೋಳೋ ಎಂದು ಅಳುತ್ತಿದ್ದವು. ಒಂದಂತೂ ಅದರಪ್ಪನ ಪ್ಯಾಂಟು ಹಿಡಿದು ಬಿಡಲೇ ಇಲ್ಲ. ಅಪ್ಪ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಪ್ಯಾಂಟನ್ನೂ ಹಿಡಿದುಕೊಂಡು ನಿಂತಿದ್ದರು. ನಾನು ಗಂಭೀರವಾಗಿ ಹತ್ತಿರ ಹೋಗಿ, "ಹೆದರಬೇಡ ಮರೀ, ಒಳಗೆ ಹಲ್ಲಿಲ್ಲದವರಿಗೆ ಮಾತ್ರ ಹೊಡೀತಾರೆ" ಎಂದು ಸಮಾಧಾನ ಹೇಳಿದೆ. ಅದು ತಟಕ್ಕನೆ ಬಾಯಿ ಮುಚ್ಚಿತು. ಮುಂದಿನ ಹಲ್ಲು ಎರಡೂ ಬಿದ್ದುಹೋಗಿದ್ದವು, ಪಾಪ. ಅದರಪ್ಪ ನನಗೆ ಥ್ಯಾಂಕ್ಸ್ ಹೇಳಿದರು.

ಹಳೇ ಊರಿನಲ್ಲಿ ನನ್ನನ್ನು ಮೊದಲ ದಿನ ಸ್ಕೂಲಿಗೆ ಬಿಟ್ಟದ್ದು ನೆನಪಿದೆಯಾ? ನಾನು ಅಳಲಿಲ್ಲ. ಅತ್ತಿದ್ದು ನೀನು. ಆಯಾ ನೀರು ತಂದುಕೊಟ್ಟದ್ದೂ ನಿನಗೇ.

ಚಿಕ್ಕಮ್ಮನ ಈ ಊರಿನಲ್ಲಿ ನಿನ್ನನ್ನು ಯಾರೂ ನೋಡಿಲ್ಲವಲ್ಲ, ಹಾಗಾಗಿ ನಿನ್ನ ಉದ್ಯೋಗದ ಬಗ್ಗೆ ನಾನೇ ಆಗಾಗ ಪ್ರಕಟಣೆ ಹೊರಡಿಸುತ್ತಿರುತ್ತೇನೆ. ಹೋದ ವರ್ಷ ನೀನು ಹಡಗಿನ ಕ್ಯಾಪ್ಟನ್. ಈ ವರ್ಷ ಸರ್ಕಸ್ಸಿನಲ್ಲಿ ಸಿಂಹಕ್ಕೆ ಹಲ್ಲುಜ್ಜುವವಳು. ಯಾರೂ ನಂಬುವುದಿಲ್ಲ. ಪಕ್ಕದಲ್ಲಿ ಕೂರುವ ಸೊಟ್ಟ ಜಡೆ ಮಾತ್ರ, "ಸಿಂಹ ಕಚ್ಚಲ್ವೇನೇ?" ಎಂದು ಕೇಳಿದಳು. "ಪೇಸ್ಟಿನ ರುಚಿ ಹತ್ತಿಬಿಟ್ಟಿದೆ ಕಣೇ ಅದಕ್ಕೆ" ಅಂದೆ. ಮಕ್ಕಳ ಶಿಬಿರದಲ್ಲಿ ವಾರ್ಡನ್ ಎಂದರೆ ಏನು ಮಜಾ ಇದೆ ಹೇಳು? ಬೇರೆಯವರ ಮಕ್ಕಳ ಹಾಸಿಗೆ ಕೊಡವುವ ಕೆಲಸ.

ಚಿಕ್ಕಮ್ಮನಿಗೆ ಈಗ ಯೂನಿಫಾರ್ಮ್ ಹೊಲಿಯುವ ಕಾಲ. ಮನೆ ತುಂಬ ನೀಲಿ ಬಟ್ಟೆ, ಊಟದ ತಟ್ಟೆಯಲ್ಲೂ ನೀಲಿ ದಾರ. ಅವಳ ಮೇಲೆ ದೂರು ಒಂದೇ. ಮಲಗುವಾಗ ನನ್ನ ಸ್ವಿಚ್ಚು ಆರಿಸಲು ಅವಳಿಗೆ ಬರುವುದಿಲ್ಲ. ಎಡಗಾಲಿನ ಹೆಬ್ಬೆರಳು ಹಿಡಿದು, ಮೆಲ್ಲಗೆ ಎಳೆದು, "ಟಿಕ್" ಅನ್ನಬೇಕು, ಆಗ ನಾನು ಆರುತ್ತೇನೆ ಎಂದು ವಿವರವಾಗಿ ಹೇಳಿಕೊಟ್ಟೆ. ಅವಳು ಎಳೆದ ಎಳೆತಕ್ಕೆ ಬೆರಳು ಕೈಗೇ ಬರುವುದರಲ್ಲಿತ್ತು. ಆದಕಾರಣ ರಜಾದಲ್ಲಿ ನೀನು ಬರುವ ತನಕ ನಾನು ಉರಿಯುತ್ತಲೇ ಇರುತ್ತೇನೆ.

ಇಂತಿ ತಮ್ಮ ವಿಧೇಯಳಾದ,
ಪಿಟೀಲು
ಐದನೇ ತರಗತಿ, ಬಿ ವಿಭಾಗ, ಕೊನೆಯ ಬೆಂಚಿನ ಒಡತಿ

ಜುಲೈ ೫

ನನ್ನ ಪಿಟೀಲು,

ಇಲ್ಲಿನ ಸಿಂಹಗಳಿಗೆ ಪೇಸ್ಟ್ ಅಂದರೆ ಆಗುವುದಿಲ್ಲ ಕಣೇ. ಬ್ರಷ್ ಒದ್ದೆ ಮಾಡಿ ತೋರಿಸಿ ಓಡಿಹೋಗುತ್ತವೆ.

ಇದು ಉದ್ದನೆಯ ಹಾಲ್. ಎರಡೂ ಕಡೆ ಕಬ್ಬಿಣದ ಮಂಚಗಳು, ಒಂದರ ಮೇಲೊಂದು. ಒಂದು ಸ್ಕೂಲಿನವರು ಮೂರು ರಾತ್ರಿ ಇದ್ದು ಹೋದರೆ ಮಾರನೇ ದಿನ ಇನ್ನೊಂದು ಸ್ಕೂಲಿನವರು. ಮ್ಯಾನೇಜರ್ ಎಲ್ಲದಕ್ಕೂ ಪೀಪಿ ಊದುತ್ತಾರೆ. ಏಳಲು, ತಿನ್ನಲು, ಕೆರೆಯ ದಂಡೆಗೆ ಹೋಗಲು. ಮಕ್ಕಳು ಅವರಿಗೆ ಪೀಪಿ ಸಾರ್ ಎಂದು ಹೆಸರಿಟ್ಟಿವೆ. ಮೊದಲ ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನನ್ನನ್ನು ಮುಂದೆ ಕರೆಯುತ್ತಾರೆ. "ಇವರನ್ನ ಮೇಡಂ ಅನ್ನಬಾರದು, ಆಂಟಿ ಅನ್ನಬಾರದು. ಇಲ್ಲಿರೋವರೆಗೂ ಇವರೇ ನಿಮ್ಮಮ್ಮ. ಎಲ್ಲಿ, ಜೋರಾಗಿ!" ಅನ್ನುತ್ತಾರೆ. ಸೂರು ಹಾರಿಹೋಗುವ ಹಾಗೆ "ಅಮ್ಮಾ" ಎಂದು ಕೂಗುತ್ತವೆ. ಕಿಟಕಿಯ ಮೇಲಿನ ಪಾರಿವಾಳಗಳು ಎದ್ದುಬಿಡುತ್ತವೆ. ಮೊದಮೊದಲು ನನಗೂ ಎದೆ ಧಸಕ್ಕೆನ್ನುತ್ತಿತ್ತು. ಈಗ ಅಭ್ಯಾಸವಾಗಿದೆ.

ನಿನ್ನೆ ಒಬ್ಬಳು ಮನೆಯಿಂದ ದಿಂಬು ತಂದಿದ್ದಳು. ಅದಿಲ್ಲದೆ ನಿದ್ದೆ ಬರುವುದಿಲ್ಲವಂತೆ. ಕೊಡವಿದರೆ ಒಳಗೆಲ್ಲ ಬಿಸ್ಕತ್ತು.

ರಜಾದಲ್ಲಿ ಬರುತ್ತೇನೆ ಎಂದು ನಾನು ಹೇಳಬಾರದಾಗಿತ್ತು. ನಿಮಗೆ ರಜಾ ಎಂದರೆ ಇಲ್ಲಿ ಇನ್ನಷ್ಟು ಮಕ್ಕಳು. ಫೋನು ಇರುವುದು ಆಫೀಸಿನಲ್ಲಿ, ಪೀಪಿ ಸಾರ್ ಮೂಗಿನ ಕೆಳಗೆ. ಅಲ್ಲಿಂದ ಮಾತಾಡುವ ಹಾಗಿಲ್ಲ. ಕಾಗದ ಬರಿ. ಚಿಕ್ಕಮ್ಮನಿಗೆ ಮೆಲ್ಲಗೆ ಎಳೆಯಲು ಹೇಳು.

ನಿನ್ನ
ಅಮ್ಮ

ಆಗಸ್ಟ್ ೯

ಅಮ್ಮಾ!

ಗಾಂಭೀರ್ಯವನ್ನು ಸದ್ಯಕ್ಕೆ ಅಮಾನತಿನಲ್ಲಿಡಲಾಗಿದೆ. ನವೆಂಬರಿನಲ್ಲಿ ಐದನೇ ಕ್ಲಾಸಿನವರನ್ನು ಮೂರು ರಾತ್ರಿ ಶಿಬಿರಕ್ಕೆ ಕರೆದುಕೊಂಡು ಹೋಗುತ್ತಾರೆ. ಟೀಚರ್ ಬೋರ್ಡಿನ ಮೇಲೆ ಬರೆದ ಹೆಸರು ಯಾವುದು ಗೊತ್ತಾ? ನಿನ್ನದೇ ಶಿಬಿರ! ನಾನು ಬೆಂಚಿನ ಮೇಲೆ ಹತ್ತಿ ನಿಂತುಬಿಟ್ಟೆ. ಟೀಚರ್, "ಯಾಕಮ್ಮಾ, ಗಾಳಿ ಸಾಲದಾ?" ಅಂದರು. "ಇಲಿ ಬಂತು ಟೀಚರ್" ಅಂದೆ. ಆಮೇಲೆ ಇಡೀ ಕ್ಲಾಸೇ ಬೆಂಚು ಹತ್ತಿತು.

ನಾನಿನ್ನೂ ಯಾರಿಗೂ ಹೇಳಿಲ್ಲ. ಬಸ್ಸಿಳಿದ ಕೂಡಲೇ ಹೇಳುತ್ತೇನೆ. ಸಿಂಹ ಎಲ್ಲಿ ಎಂದು ಸೊಟ್ಟ ಜಡೆ ಕೇಳಿದರೆ ಪೀಪಿ ಸಾರನ್ನು ತೋರಿಸುತ್ತೇನೆ.

ನನ್ನ ಮಂಚ ಕೆಳಗಿನದೇ ಇರಲಿ. ಮೇಲಿನದಾದರೆ ನಿನ್ನ ಕೈ ನನ್ನ ಬೆರಳಿಗೆ ಎಟುಕುವುದಿಲ್ಲ.

ಕುಣಿಯುತ್ತಿರುವ,
ಪಿಟೀಲು

ಆಗಸ್ಟ್ ೨೮

ಪಿಟೀಲು,

ಬರೆಯುವುದು, ಹರಿಯುವುದು, ಇದೇ ಆಯಿತು ನನಗೆ. ಈಗ ಹರಿಯದೆ ಬರೆಯುತ್ತೇನೆ. ಪೂರ್ತಿ ಓದು.

ನನಗಿಂತ ಮುಂಚೆ ಇಲ್ಲಿದ್ದ ವಾರ್ಡನ್, ಮಗನಿಗೆ ಜ್ವರ ಎಂದು ಫೋನು ಬಂದಾಗ ಶಿಬಿರದ ಮಕ್ಕಳನ್ನು ಹಾಗೇ ಬಿಟ್ಟು ಊರಿಗೆ ಓಡಿದಳಂತೆ. ಆಮೇಲೆ ಪೀಪಿ ಸಾರ್ ಮಕ್ಕಳಿರುವವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟರು. ನನ್ನನ್ನೂ ಕೇಳಿದರು: "ಮಕ್ಕಳು ಮರಿ ಇದ್ದಾರೇನ್ರಮ್ಮಾ?" ನಾನು, "ಇಲ್ಲ ಸಾರ್" ಅಂದೆ. ನಿಮ್ಮಪ್ಪ ನಮ್ಮನ್ನು ಬಿಟ್ಟು ಹೋದ ವರ್ಷ ಅದು. ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ನಿನ್ನ ಕಾಗದಗಳು ಕೂಡ ಇಲ್ಲಿಗೆ ತಂಗಿಯ ಕಾಗದವೆಂದೇ ಬರುತ್ತಿವೆ, ನನ್ನವೂ ಅವಳ ಹೆಸರಿಗೇ ಹೋಗುತ್ತಿವೆ. ಲಕೋಟೆಯ ಮೇಲೆ ಚಿಕ್ಕಮ್ಮನೇ ವಿಳಾಸ ಬರೆಯುವುದು ಯಾಕೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ.

ನೀನು ಬಂದಾಗ ಯಾರಿಗೂ ಗೊತ್ತಾಗಬಾರದು. ನಿನ್ನ ಟೀಚರಿಗೂ, ಸೊಟ್ಟ ಜಡೆಗೂ. ಒಂದು ನಾಟಕ ಅಂದುಕೋ. ನಿನಗಿಂತ ಚೆನ್ನಾಗಿ ಆಡುವವರು ಯಾರಿದ್ದಾರೆ?

ಬೇಡ ಅನ್ನಿಸಿದರೆ ಶಿಬಿರಕ್ಕೆ ಬರಬೇಡ. ಆದರೆ ಬಾ.

ಅಮ್ಮ

ಸೆಪ್ಟೆಂಬರ್ ೨೦

ಶಿಬಿರದ ವಾರ್ಡನ್ ಅವರಿಗೆ (ನಾಟಕ ಈಗಿನಿಂದಲೇ ಶುರು),

ಮೂರು ದಿನ ನಾನು ಮಾತಾಡಲಿಲ್ಲ. ಚಿಕ್ಕಮ್ಮ ನನಗೆ ಗಂಟಲುನೋವು ಎಂದುಕೊಂಡು ಉಪ್ಪುನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದಳು.

ನಾಲ್ಕನೇ ದಿನ ಹೊಳೆಯಿತು. ಅಮ್ಮಾ, ಇದು ಈ ಭೂಮಂಡಲದಲ್ಲೇ ಯಾರೂ ಮಾಡಿರದ ತರಲೆ! ಅಲ್ಲಿ ಎಲ್ಲರೂ ನಿನ್ನನ್ನು ಅಮ್ಮ ಅನ್ನಲೇಬೇಕು ತಾನೇ? ನಾನೂ ಅನ್ನುತ್ತೇನೆ. ಪೀಪಿ ಸಾರ್ ಎದುರಿಗೇ, ಬಾಯಿ ತುಂಬ, ಎಷ್ಟು ಸಲ ಬೇಕಾದರೂ. ನಿಜವಾಗಿ ಅನ್ನುತ್ತಿರುವವಳು ನಾನೊಬ್ಬಳೇ ಎಂದು ಯಾರಿಗೂ ತಿಳಿಯುವುದಿಲ್ಲ. ಅವರೆಲ್ಲ ನಾಟಕ, ನಾನು ಅಸಲಿ!

ಆದ್ದರಿಂದ ಉಭಯ ಪಕ್ಷಗಳ ನಡುವೆ ಈ ಕರಾರು. ನೀನು ನನ್ನನ್ನು ನೋಡಿ ನಗುವ ಹಾಗಿಲ್ಲ, ನಕ್ಕರೆ ನನಗೂ ನಗು ಬಂದು ಎಲ್ಲ ಕೆಡುತ್ತದೆ. ಪಿಟೀಲು ಎಂದು ಕರೆಯುವ ಹಾಗಿಲ್ಲ, "ನಿನ್ನ ಹೆಸರೇನಮ್ಮಾ?" ಎಂದು ಕೇಳಬೇಕು. ನಾನು ಪೀಪಿ ಸಾರ್ ಪೀಪಿಯನ್ನು ಕದಿಯಲಿದ್ದೇನೆ, ಅದನ್ನು ನೀನು ನೋಡಿಯೂ ನೋಡದಂತಿರಬೇಕು. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಬಂದು ನನ್ನ ಸ್ವಿಚ್ಚು ಆರಿಸಬೇಕು. ಇದೊಂದು ತಪ್ಪಿದರೆ ಕರಾರು ರದ್ದು.

ಸಹಿ,
ಹೆಸರು ಕೇಳಬೇಕಾದ ಹುಡುಗಿ

ನವೆಂಬರ್ ೧೯

ಪಿಟೀಲು,

ನೀವೆಲ್ಲ ಹೋದ ಮೇಲೆ ಹಾಲ್ ಗುಡಿಸಿದೆ. ನಿನ್ನ ಮಂಚದ ಹೊದಿಕೆ ನೀಟಾಗಿ ಮಡಚಿತ್ತು, ಮೂಲೆಗೆ ಮೂಲೆ ಸೇರಿಸಿ, ನಾನು ಮನೆಯಲ್ಲಿ ಹೇಳಿಕೊಟ್ಟ ಹಾಗೆ. ಬೇರೆ ಯಾರದೂ ಹಾಗಿರಲಿಲ್ಲ.

ಬಸ್ಸು ಹೊರಟಾಗ ಎಲ್ಲ ಕಿಟಕಿಗಳಿಂದ ಕೈಗಳು ಹೊರಗೆ ಬಂದವು. ನಿನ್ನ ಕಿಟಕಿ ಯಾವುದೆಂದು ನನಗೆ ಗೊತ್ತಿತ್ತು.

ಮೊದಲನೇ ರಾತ್ರಿಯದಕ್ಕೆ ಒಂದು ಕಾರಣವಿದೆ. ನಿನ್ನ ಕಾಲು ಮುಟ್ಟಿದ್ದರೆ ನಾನು ಅಲ್ಲಿಂದ ಏಳುತ್ತಿರಲಿಲ್ಲ. ಮಾರನೇ ದಿನ ಹಾಲು ಕೊಡುವ ಸಾಲಿನಲ್ಲಿ ನಾನು ನಕ್ಕದ್ದು ಅವರಿಗಾಗಿ. ನೀನು ಆಡಿದ್ದು? ಅದೂ ನಾಟಕದ ಮಾತು ತಾನೇ? ಹಾಗೆಂದು ಒಂದೇ ಸಾಲು ಬರಿ. ತಮಾಷೆಗೆ ಅಂದೆ ಎಂದು ಬರಿ, ಸಾಕು.

ಅಮ್ಮ

ನವೆಂಬರ್ ೩೦

ಅಕ್ಕಾ,

ಬರೆಯುತ್ತಿರುವುದು ನಾನು, ನಿನ್ನ ತಂಗಿ. ನಿನ್ನ ಮಗಳು ಬರೆಯುವುದಿಲ್ಲವಂತೆ. "ಕಾಗದಕ್ಕೆ ಉತ್ತರ ಕೊಡೇ" ಅಂದರೆ, "ನನ್ನ ಹೆಸರಿಗೆ ಬಂದ ಕಾಗದ ಯಾವುದೂ ಇಲ್ಲ, ಲಕೋಟೆ ನೋಡು" ಅನ್ನುತ್ತಾಳೆ. ಅಲ್ಲಿ ಏನಾಯಿತೇ?

ನಿನ್ನೆ ಹೆಡ್ ಮೇಡಂ ಹೇಳಿಕಳಿಸಿದ್ದರು. ಮತ್ತೇನು ತರಲೆ ಮಾಡಿದಳೋ ಎಂದುಕೊಂಡು ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮಕ್ಕ ತೀರಿಕೊಂಡಿದ್ದು ನಮಗೆ ಗೊತ್ತೇ ಇರಲಿಲ್ಲ ಕಣ್ರೀ" ಅಂದರು. ನಿಮ್ಮ ಮ್ಯಾನೇಜರ್ ಸ್ಕೂಲಿಗೆ ಫೋನು ಮಾಡಿ ಹೇಳಿದರಂತೆ, ತಾಯಿಯಿಲ್ಲದ ಮಗು, ಸ್ವಲ್ಪ ನಿಗಾ ಇಡಿ ಎಂದು. ಅಕ್ಕಾ, ನಾನೇನು ಮಾಡಲಿ? ಇಲ್ಲ ಅಂದರೆ ನಿನ್ನ ಕೆಲಸ ಹೋಗುತ್ತದೆ. "ಹೌದು ಮೇಡಂ, ಎರಡು ವರ್ಷ ಆಯ್ತು" ಅಂದುಬಿಟ್ಟೆ. ಆಮೇಲೆ ಅಳು ಬಂತು, ನಿಜವಾದ ಅಳು. ಅವರು ನೀರು ತರಿಸಿಕೊಟ್ಟರು.

ಇನ್ನೊಂದು. ಚಳಿ ಏನೂ ಇಲ್ಲ, ಆದರೂ ಇವಳು ಸಾಕ್ಸ್ ಹಾಕಿಕೊಂಡು ಮಲಗುತ್ತಾಳೆ. ಕೇಳಿದರೆ "ಫ್ಯಾಷನ್" ಅನ್ನುತ್ತಾಳೆ.

ನಿನ್ನ ತಂಗಿ

ಡಿಸೆಂಬರ್ ೨೧

ಪಿಟೀಲು,

ಈ ವಾರ ಬಂದ ಸ್ಕೂಲಿನವರು ಬಹಳ ಸಭ್ಯರು. ಯಾರೂ ಏನೂ ಕದಿಯಲಿಲ್ಲ, ಇಲಿ ಬಂತು ಎಂದು ಕೂಗಲಿಲ್ಲ. ಬೇಜಾರು.

ಬಯ್ದಾದರೂ ಬರಿ. ಲಕೋಟೆಯ ಮೇಲೆ ಈ ಸಲ ನಿನ್ನ ಹೆಸರೇ ಬರೆದಿದ್ದೇನೆ, ನೋಡು. ಅಂಚೆ ಡಬ್ಬಕ್ಕೆ ಹಾಕಲು ಪೇಟೆಯ ತನಕ ನಾನೇ ನಡೆದು ಹೋಗಿದ್ದೆ.

ಅಮ್ಮ

ಜನವರಿ ೧೪

ಮಾನ್ಯರೇ,

ಉಲ್ಲೇಖ: ತಾವು ನನ್ನ ಹೆಸರಿಗೆ ಬರೆದ ಪತ್ರ.

ತಮಾಷೆಗೆ ಅಂದೆ ಎಂದು ಬರೆಯಬೇಕೆಂದು ಕೇಳಿದ್ದೀರಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಎಲ್ಲಿ ನಗಬೇಕೋ ನೀನೇ ನೋಡಿಕೋ.

ಬಸ್ಸಿಳಿದಾಗ ನೀನು ನನ್ನ ಹೆಸರು ಕೇಳಿದೆ. ಬಹಳ ಚೆನ್ನಾಗಿ ಕೇಳಿದೆ. ನನಗೆ ಒಳಗೊಳಗೇ ಖುಷಿ. ಸಂಜೆ ಪೀಪಿ ಸಾರ್, "ಎಲ್ಲಿ, ಜೋರಾಗಿ!" ಅಂದಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಪಾರಿವಾಳ ಹಾರಿದ್ದು ನನ್ನ ದನಿಗೆ.

ದೀಪ ಆರಿಸಿದ ಮೇಲೆ ಎಡಗಾಲನ್ನು ಹೊದಿಕೆಯ ಹೊರಗೆ ಇಟ್ಟುಕೊಂಡು ಕಾದೆ. ನೀನು ಬಾಗಿಲಿನ ಕಡೆಯಿಂದ ಬಂದೆ. ಮೊದಲ ಮಂಚ. ಟಿಕ್. ಎರಡನೆಯದು. ಟಿಕ್. ಯಾರದೋ ಕಿಸಕ್ಕನೆ ನಗು. ಆಗ ಗೊತ್ತಾಯಿತು, ನೀನು ಇದನ್ನು ಎಲ್ಲರಿಗೂ ಮಾಡುತ್ತೀ ಎಂದು. ಬರುವ ಎಲ್ಲ ಸ್ಕೂಲಿನವರಿಗೂ. ಕಾಗದದಲ್ಲಿ ದಿಂಬಿನ ಬಿಸ್ಕತ್ತಿನ ಕಥೆ ಬರೆದೆ, ಇದನ್ನು ಬರೆಯಲಿಲ್ಲ. ಇರಲಿ, ನನ್ನದು ಬಂದಾಗ ಬೇರೆ ಥರ ಇರುತ್ತದೆ ಅಂದುಕೊಂಡೆ. ನೀನು ಸೊಟ್ಟ ಜಡೆಯ ಬೆರಳು ಎಳೆದೆ. ಟಿಕ್. ಆಮೇಲೆ ನನ್ನ ಮಂಚ ದಾಟಿ ಆಚೆ ಮಂಚಕ್ಕೆ ಹೋದೆ. ಟಿಕ್.

ನಾನು ಕಾಲು ಒಳಗೆ ತೆಗೆದುಕೊಳ್ಳಲಿಲ್ಲ. ಮರೆತಿರಬಹುದು, ವಾಪಸ್ ಬರುತ್ತೀ ಎಂದು. ಮೂಲೆಯಲ್ಲಿ ಯಾವಳೋ ಮನೆ ನೆನೆಸಿಕೊಂಡು ಅತ್ತಳು. ನೀನು ಅವಳ ಪಕ್ಕ ಕೂತೆ. ನನಗೂ ಅಳಲು ಬರುತ್ತಿತ್ತು. ಆದರೆ ಸರದಿ ಅವಳದಾಗಿತ್ತು.

ಮಾರನೇ ಸಂಜೆ ಹಾಲಿಗೆ ಸಾಲು ನಿಂತಾಗ ಎಲ್ಲರೂ "ಅಮ್ಮಾ, ಹಾಲು" ಅಂದರು. ನಾನು "ಮೇಡಂ, ಹಾಲು" ಅಂದೆ. ಪೀಪಿ ಸಾರ್ ಕಿವಿಗೆ ಬಿತ್ತು.

"ಏ ಪುಟ್ಟಿ, ಎಲ್ಲರೂ ಅಮ್ಮ ಅಂದ್ರೆ ನೀನ್ಯಾಕೆ ಮೇಡಂ ಅಂತೀಯ?" ಎಂದು ಬಂದು ನನ್ನ ಗದ್ದ ಎತ್ತಿದರು. ನನ್ನನ್ನು ನೋಡಿದರು, ನಿನ್ನನ್ನು ನೋಡಿದರು. "ಅರೆ, ಮೂಗು ಒಂದೇ ಅಚ್ಚು! ಏನ್ರೀ ವಾರ್ಡನ್, ನಿಮ್ಮ ಮಗಳಾ?" ಅಂದರು. ಅವರು ತಮಾಷೆಗೇ ಕೇಳಿದ್ದು.

ನೀನು ನಕ್ಕೆ. "ಅಯ್ಯೋ ಬಿಡಿ ಸಾರ್, ನನಗೆಲ್ಲಿಂದ ಬರಬೇಕು ಮಗಳು!" ಅಂದೆ. ಸೌಟಿನಿಂದ ಒಂದು ಹನಿಯೂ ಚೆಲ್ಲಲಿಲ್ಲ.

ಅಮ್ಮಾ, ನೀನು "ಇಲ್ಲ" ಅನ್ನುತ್ತೀ ಎಂದು ನನಗೆ ಗೊತ್ತಿತ್ತು. ಕರಾರೇ ಅದಲ್ಲವಾ? ಆ ನಗು ಕರಾರಿನಲ್ಲಿರಲಿಲ್ಲ. ಅಷ್ಟು ಚೆನ್ನಾಗಿ ನಗಬಹುದು ಎಂದು ಗೊತ್ತಿರಲಿಲ್ಲ.

ಆಗ ನಾನು ತಲೆ ತಗ್ಗಿಸಿ, ನನ್ನ ಅತ್ಯಂತ ಗಂಭೀರ ಮುಖ ಮಾಡಿಕೊಂಡು, "ನಮ್ಮಮ್ಮ ತೀರಿಹೋಗಿದಾರೆ ಸಾರ್. ಅದಕ್ಕೇ ಬೇರೆಯವರನ್ನ ಅಮ್ಮ ಅನ್ನಕ್ಕೆ ಬಾಯಿ ಬರಲ್ಲ" ಅಂದೆ. ಇಷ್ಟು ದಿನ ಏನೇನೋ ಸುಳ್ಳು ಹೇಳಿದ್ದೇನೆ, ಯಾರೂ ನಂಬಿರಲಿಲ್ಲ. ಇದನ್ನು ಎಲ್ಲರೂ ನಂಬಿದರು. ಪೀಪಿ ಸಾರ್ ಕಣ್ಣು ಒರೆಸಿಕೊಂಡು ತಮ್ಮ ಕೊರಳಿನ ಪೀಪಿ ತೆಗೆದು ನನ್ನ ಕೊರಳಿಗೆ ಹಾಕಿದರು. ಕದಿಯಬೇಕೆಂದುಕೊಂಡದ್ದು ತಾನಾಗಿ ಬಂತು. ಊದಲು ಉಸಿರಿರಲಿಲ್ಲ. ಸೊಟ್ಟ ಜಡೆ ನನ್ನನ್ನು ತಬ್ಬಿಕೊಂಡು, "ಅದಕ್ಕೇನೇ ಸಿಂಹ, ಹಡಗು ಎಲ್ಲ ಹೇಳ್ತಿದ್ದೆ?" ಎಂದು ಅತ್ತಳು.

ಆಮೇಲೆ ಅವರು ನಿನಗೆ ಆರ್ಡರ್ ಮಾಡಿದರು. "ಇವತ್ತು ರಾತ್ರಿ ಈ ಮಗು ಪಕ್ಕದಲ್ಲೇ ಕೂತಿರ್ರಮ್ಮಾ, ತಾಯಿಲ್ಲದ ಕೂಸು." ನೀನು ಬಂದು ಕೂತೆ. ಆರ್ಡರ್ ಆಗಿತ್ತಲ್ಲ. ನೀನು ನನ್ನ ಬೆರಳಿಗೆ ಕೈ ಹಾಕಿದಾಗ ನಾನು ಕಾಲು ಒಳಗೆಳೆದುಕೊಂಡೆ. ನಿದ್ದೆಯಲ್ಲಿ ಎಳೆದುಕೊಂಡೆ ಎಂದು ನೀನು ಅಂದುಕೊಂಡಿದ್ದರೆ, ಅಲ್ಲ.

ತಮಾಷೆಗೆ ಅನ್ನಲಿಲ್ಲ.

ಇಂತಿ,
ತಾಯಿಲ್ಲದ ಕೂಸು

ಫೆಬ್ರವರಿ ೨೬

ಪಿಟೀಲು,

ಕೆಲಸ ಬಿಟ್ಟಿದ್ದೇನೆ. ಕಾರಣ ಹೇಳಲಿಲ್ಲ. ಪೀಪಿ ಸಾರ್, "ಮಕ್ಕಳಿಗೆ ಅಮ್ಮನ್ನ ಎಲ್ಲಿಂದ ತರಲಿ ನಾನು?" ಎಂದು ಸಿಟ್ಟಾದರು.

ಇನ್ನೆರಡು ವಾರದಲ್ಲಿ ಅಲ್ಲಿಗೇ ಬಂದು ಚಿಕ್ಕಮ್ಮನ ಜೊತೆ ಕಾಜಾ ಹೊಲಿಯುತ್ತೇನೆ, ಗುಂಡಿ ಹಾಕುತ್ತೇನೆ, ಹೇಗೋ ನಡೆಯುತ್ತದೆ. ಮಾರ್ಚಿನಲ್ಲಿ ನಿಮ್ಮ ಕ್ಲಾಸಿನ ಬೀಳ್ಕೊಡುಗೆಯಂತೆ, ಎಲ್ಲರ ಅಪ್ಪ ಅಮ್ಮಂದಿರು ಬರುತ್ತಾರಂತೆ. ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಯಾರು ಕೇಳಿದರೂ ಇವಳು ನನ್ನ ಮಗಳು ಎಂದು ಹೇಳುತ್ತೇನೆ. ಜೋರಾಗಿ.

ಅಮ್ಮ

ಮಾರ್ಚ್ ೮

ಅಮ್ಮನಿಗೆ,

ನೀನು ಹಾಗೆ ಹೇಳುವಂತಿಲ್ಲ.

ಹೆಡ್ ಮೇಡಂ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಸ್ಕೂಲಿಗೆ ಹೇಳಿ, ಎಲ್ಲರನ್ನೂ ಒಂದು ನಿಮಿಷ ಸುಮ್ಮನೆ ನಿಲ್ಲಿಸಿದರು. ನಿನಗಾಗಿ. ನಾನೂ ನಿಂತಿದ್ದೆ. ಒಂದನೇ ಕ್ಲಾಸಿನ ಆ ಹಲ್ಲಿಲ್ಲದ್ದು (ಈಗ ಬಂದಿವೆ) ತನ್ನ ರಬ್ಬರ್ ತಂದು ನನ್ನ ಕೈಯಲ್ಲಿಟ್ಟಿತು. ಟೀಚರ್ ಬಯ್ಯುವುದನ್ನು ಬಿಟ್ಟಿದ್ದಾರೆ. ಯಾರದೋ ಟಿಫಿನ್ ಡಬ್ಬಿಯಲ್ಲಿ ಕಪ್ಪೆ ಇಟ್ಟರೂ, "ಪಾಪ" ಅಂದರು. ಪಾಪ ಅಂದ ಮೇಲೆ ತರಲೆಯಲ್ಲಿ ಏನು ಉಳಿಯಿತು? ಚಿಕ್ಕಮ್ಮ ಹೆಡ್ ಮೇಡಂ ಎದುರಿಗೆ ಕಣ್ಣೀರು ಹಾಕಿಬಿಟ್ಟಿದ್ದಾಳೆ. ಈಗ ನೀನು ಬಂದು ಮುಂದಿನ ಸಾಲಿನಲ್ಲಿ ಕೂತರೆ ನಾವು ಮೂರೂ ಜನ ಸುಳ್ಳುಗಾರರು. ಜೂನಿನಿಂದ ಬೇರೆ ಸ್ಕೂಲು. ಆದರೆ ಸೊಟ್ಟ ಜಡೆ ಮತ್ತು ಅರ್ಧ ಕ್ಲಾಸು ಅಲ್ಲಿಗೇ ಬರುತ್ತಾರೆ. ಹಾಗಾಗಿ ಅಲ್ಲೂ ನೀನು ಇಲ್ಲ.

ಬರಲೇಬೇಕು ಅಂದರೆ ಶಿಬಿರದ ವಾರ್ಡನ್ ಆಗಿ ಬಾ. ನಾಟಕ ನಿನಗೆ ಹೊಸದಲ್ಲ. ನೀನು ಗೇಟು ದಾಟಿದ ಕೂಡಲೇ ಎಲ್ಲರೂ ಗುರುತು ಹಿಡಿಯುತ್ತಾರೆ, "ಅಮ್ಮಾ! ಅಮ್ಮ ಬಂದ್ರು!" ಎಂದು ಓಡಿಬಂದು ಮೈಮೇಲೆ ಬೀಳುತ್ತಾರೆ. ತಬ್ಬಿಕೋ, ತಲೆ ಸವರು. ನಾನು ಹಿಂದೆ ನಿಂತಿರುತ್ತೇನೆ. ನನ್ನ ಸರದಿ ಬಂದಾಗ ನಾನು "ಗುಡ್ ಮಾರ್ನಿಂಗ್ ಮೇಡಂ" ಅನ್ನುತ್ತೇನೆ. ನೀನು ಸ್ವಲ್ಪ ಯೋಚನೆ ಮಾಡಿ, "ನಿನ್ನ ಹೆಸರೇನಮ್ಮಾ, ಮರೆತೇ ಹೋಯ್ತು ನೋಡು" ಎಂದು ಕೇಳು. ನಾನು ಹೇಳುತ್ತೇನೆ. ಬೇಕಾದರೆ ನಗು. ಈ ಸಲದ ಕರಾರಿನಲ್ಲಿ ಅದನ್ನೂ ಸೇರಿಸಿದ್ದೇನೆ.

ಮನೆಯ ವಿಷಯ ಬೇರೆ. ಚಿಕ್ಕಮ್ಮ ನಿನಗೆ ನನ್ನ ಪಕ್ಕದಲ್ಲೇ ಹಾಸಿಗೆ ಹಾಕುತ್ತಾಳಂತೆ. ಅವಳ ಮನೆ, ಅವಳಿಷ್ಟ. ನಾನು ಸಾಕ್ಸ್ ಹಾಕಿಕೊಂಡೇ ಮಲಗುವುದು. ಮೊನ್ನೆ ಎಡಗಾಲಿನದು ಹೆಬ್ಬೆರಳಿನ ಹತ್ತಿರ ತೂತಾಯಿತು. "ಕೊಡೇ, ಹೊಲಿದುಕೊಡ್ತೀನಿ" ಎಂದು ಚಿಕ್ಕಮ್ಮ ಸೂಜಿ ಹಿಡಿದುಕೊಂಡು ಕೂತಿದ್ದಾಳೆ.

ನಾನಿನ್ನೂ ಕೊಟ್ಟಿಲ್ಲ. ವಿಷಯ ಪರಿಶೀಲನೆಯಲ್ಲಿದೆ.

ಇಂತಿ,
ಐದನೇ ತರಗತಿ, ಬಿ ವಿಭಾಗದ ಒಬ್ಬ ವಿದ್ಯಾರ್ಥಿನಿ